ಗೃಹ ವಿಮೆ: ವಿಮಾ ಮೊತ್ತವನ್ನು ನಿರ್ಧರಿಸುವುದು ಹೇಗೆ?

ಗೃಹ ವಿಮೆಯ ಅರ್ಜಿಯಲ್ಲಿ ವಿಮಾ ಮೊತ್ತದ, ಅಂದರೆ ಹಾನಿಯಾದಾಗ ಕಂಪನಿ ಕೊಡುವ ಗರಿಷ್ಠ ಹಣದ, ಅಂಕಣ ಎದುರಾದಾಗ ಅನೇಕರು ಮನೆ ಕೊಂಡ ಬೆಲೆಯನ್ನೋ, ಈಗ ಮಾರಿದರೆ ಸಿಗಬಹುದಾದ ಬೆಲೆಯನ್ನೋ, ಇಲ್ಲವೇ ಬ್ಯಾಂಕಿನ ಸಾಲದ ಮೊತ್ತವನ್ನೋ ಬರೆದುಬಿಡುತ್ತಾರೆ. ಈ ಮೂರೂ ಇಲ್ಲಿ ಸರಿಯಾದ ಅಳತೆಗಳಲ್ಲ. ಮಾರಾಟದ ಬೆಲೆಯಲ್ಲಿ ನಿವೇಶನದ ಬೆಲೆಯೂ ಸೇರಿರುತ್ತದೆ, ಆದರೆ ಮನೆ ಸುಟ್ಟುಹೋದರೂ ನಿವೇಶನ ಉಳಿಯುತ್ತದೆ. ಸಾಲವಂತೂ ಕಂತು ಕಟ್ಟಿದಂತೆ ಇಳಿಯುತ್ತದೆ. ಅದಕ್ಕೂ ಕಟ್ಟಡದ ಖರ್ಚಿಗೂ ಸಂಬಂಧವೇ ಇಲ್ಲ. ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ: ಈ ಮನೆ ಪೂರ್ತಿ ನೆಲಸಮವಾದರೆ ಇಷ್ಟೇ ವಿಸ್ತೀರ್ಣದ, ಇದೇ ಗುಣಮಟ್ಟದ ಮನೆಯನ್ನು ಇಂದಿನ ದರದಲ್ಲಿ ಮತ್ತೆ ಕಟ್ಟಲು ಎಷ್ಟು ಹಣ ಬೇಕು?

ಈ ಮರುನಿರ್ಮಾಣ ವೆಚ್ಚವನ್ನು ಲೆಕ್ಕ ಹಾಕಲು ಮೊದಲು ಎಲ್ಲ ಅಂತಸ್ತುಗಳನ್ನೂ ಸೇರಿಸಿ, ಹೊರಗೋಡೆಯಿಂದ ಹೊರಗೋಡೆಗೆ ಅಳೆದ ಕಟ್ಟಡದ ವಿಸ್ತೀರ್ಣವನ್ನು ತೆಗೆದುಕೊಳ್ಳಿ. ನಿಮ್ಮ ಮನೆಯ ದರ್ಜೆಯ ಕಟ್ಟಡಕ್ಕೆ ಚದರ ಅಡಿಗೆ ಈಗ ಏನು ದರ ನಡೆಯುತ್ತಿದೆ ಎಂಬುದನ್ನು ಕನಿಷ್ಠ ಇಬ್ಬರು ಗುತ್ತಿಗೆದಾರರನ್ನೋ ಎಂಜಿನಿಯರನ್ನೋ ಕೇಳಿ ತಿಳಿದು, ವಿಸ್ತೀರ್ಣವನ್ನು ಅದರಿಂದ ಗುಣಿಸಿ. ಇಷ್ಟಕ್ಕೇ ನಿಲ್ಲಿಸಿದರೆ ಮೊತ್ತ ಕಡಿಮೆ ಬೀಳುತ್ತದೆ. ಹೊಸ ಗೋಡೆ ಏಳುವ ಮೊದಲು ಹಳೆಯ ಅವಶೇಷಗಳನ್ನು ಒಡೆದು ಸಾಗಿಸಬೇಕು. ನಕ್ಷೆ, ಪರವಾನಗಿ ಮತ್ತು ಮೇಲ್ವಿಚಾರಣೆಗೆ ಹಣ ತೆರಬೇಕು. ಕಂಪೌಂಡು, ಗೇಟು, ನೀರಿನ ತೊಟ್ಟಿ, ವಾಹನ ನಿಲ್ಲಿಸುವ ಶೆಡ್ಡು ಮುಂತಾದವುಗಳನ್ನೂ ಮತ್ತೆ ಕಟ್ಟಬೇಕು. ಹಳೆಯ ಮನೆಯಾಗಿದ್ದರೆ, ಅದನ್ನು ಕಟ್ಟಿದ ಕಾಲದಲ್ಲಿ ಇಲ್ಲದ ಕಟ್ಟಡ ನಿಯಮಗಳನ್ನು ಈಗ ಪಾಲಿಸಬೇಕಾಗಿ ಬಂದು ಖರ್ಚು ಇನ್ನಷ್ಟು ಏರಬಹುದು. ಇವುಗಳಲ್ಲಿ ಯಾವುದನ್ನು ಪಾಲಿಸಿ ಪ್ರತ್ಯೇಕವಾಗಿ ಕೊಡುತ್ತದೆ, ಯಾವುದನ್ನು ವಿಮಾ ಮೊತ್ತದೊಳಗೇ ಲೆಕ್ಕ ಹಿಡಿಯುತ್ತದೆ ಎಂಬುದನ್ನು ಓದಿ ನೋಡಿದ ಮೇಲೆಯೇ ಕೂಡಬೇಕು.

ಪೂರ್ತಿ ಮನೆ ಬೀಳುವುದು ಅಪರೂಪ, ಹಾಗಾಗಿ ಅರ್ಧ ಮೊತ್ತಕ್ಕೆ ವಿಮೆ ಮಾಡಿಸಿದರೂ ಸಣ್ಣಪುಟ್ಟ ಹಾನಿಗೆ ಸಾಕು ಎಂದು ಕೆಲವರು ವಾದಿಸುತ್ತಾರೆ. ಈ ವಾದವೇ ಜನರನ್ನು ಹೆಚ್ಚಾಗಿ ನಷ್ಟಕ್ಕೆ ದೂಡುತ್ತದೆ. ಹಲವು ಪಾಲಿಸಿಗಳಲ್ಲಿ ಆವರೇಜ್ ಎಂಬ ಷರತ್ತು ಇರುತ್ತದೆ. ಕಟ್ಟಡದ ನಿಜವಾದ ವೆಚ್ಚಕ್ಕಿಂತ ಕಡಿಮೆಗೆ ವಿಮೆ ಮಾಡಿಸಿದ್ದರೆ, ಉಳಿದ ಭಾಗದ ಹೊಣೆಯನ್ನು ನೀವೇ ಹೊತ್ತಿದ್ದೀರಿ ಎಂದು ಭಾವಿಸಿ, ಪ್ರತಿಯೊಂದು ಹಾನಿಯ ಪರಿಹಾರವನ್ನೂ ಅದೇ ಅನುಪಾತದಲ್ಲಿ ಇಳಿಸಲಾಗುತ್ತದೆ. ಮನೆಯನ್ನು ಮತ್ತೆ ಕಟ್ಟಲು 40 ಲಕ್ಷ ಬೇಕು, ವಿಮೆ ಇರುವುದು 30 ಲಕ್ಷಕ್ಕೆ ಎಂದುಕೊಳ್ಳಿ. ಅಡುಗೆಮನೆಯಲ್ಲಿ ಬೆಂಕಿ ಹೊತ್ತಿ ಗೋಡೆಯ ಗಿಲಾವು ಸಿಡಿದು, ವೈರಿಂಗ್ ಕರಗಿ, ಬಾಗಿಲು ಕಿಟಕಿಗಳು ಸುಟ್ಟು 8 ಲಕ್ಷದ ಹಾನಿಯಾಯಿತು. ಹಾನಿ ವಿಮಾ ಮೊತ್ತದೊಳಗೇ ಇದ್ದರೂ, ವಿಮೆ ನಾಲ್ಕರಲ್ಲಿ ಮೂರು ಪಾಲಿಗಷ್ಟೇ ಇರುವುದರಿಂದ ಸಿಗುವುದು 6 ಲಕ್ಷ. ಉಳಿದ 2 ಲಕ್ಷ ಮನೆಯವರ ಕೈಯಿಂದಲೇ ಹೋಗುತ್ತದೆ. ಕೆಲವು ಪಾಲಿಸಿಗಳು ಈ ಷರತ್ತನ್ನು ಸಡಿಲಿಸುತ್ತವೆ. ನಿಮ್ಮದರಲ್ಲಿ ಹಾಗಿದೆಯೇ ಎಂಬುದಕ್ಕೆ ಏಜೆಂಟರ ಬಾಯಿಮಾತನ್ನು ನಂಬದೆ ಲಿಖಿತ ಉತ್ತರವನ್ನೇ ಪಡೆಯಿರಿ.

ಹಾಗೆಂದು ಮೊತ್ತವನ್ನು ಮಿತಿಮೀರಿ ಏರಿಸುವುದರಿಂದಲೂ ಲಾಭವಿಲ್ಲ. ವಿಮೆ ಸಾಮಾನ್ಯವಾಗಿ ಆದ ನಷ್ಟವನ್ನಷ್ಟೇ ತುಂಬಿಕೊಡುತ್ತದೆ. ಹೆಚ್ಚಿಗೆ ಬರೆದ ಮೊತ್ತಕ್ಕೆ ಪ್ರತಿ ವರ್ಷವೂ ಪ್ರೀಮಿಯಂ ಮಾತ್ರ ದಂಡವಾಗುತ್ತದೆ.

ಮನೆಯೊಳಗಿನ ಸಾಮಾನಿಗೆ ಬೇರೆ ಲೆಕ್ಕ ಬೇಕು, ಮತ್ತು ಇಲ್ಲಿ ಅಂದಾಜು ಕೆಡುವುದೇ ಹೆಚ್ಚು. ನಡುಮನೆಯಲ್ಲಿ ನಿಂತು ಟಿವಿ, ಸೋಫಾ, ಫ್ರಿಜ್ ಎಂದು ಎಣಿಸಿದರೆ ದೊಡ್ಡ ವಸ್ತುಗಳಷ್ಟೇ ನೆನಪಿಗೆ ಬರುತ್ತವೆ. ಒಂದು ಬೀರುವಿನ ಬಾಗಿಲು ತೆರೆದು ನೋಡಿ: ಬಟ್ಟೆ, ಹೊದಿಕೆ, ಚೀಲ, ಚಪ್ಪಲಿ ಎಲ್ಲವನ್ನೂ ಇಂದಿನ ಬೆಲೆಗೆ ಮತ್ತೆ ಕೊಳ್ಳುವುದಾದರೆ ಆ ಒಂದೇ ಬೀರು ಫ್ರಿಜ್ಜಿನ ಬೆಲೆಯನ್ನು ಮೀರಬಹುದು. ಆದ್ದರಿಂದ ಕೋಣೆಯಿಂದ ಕೋಣೆಗೆ ಹೋಗಿ, ಪ್ರತಿ ಕಪಾಟನ್ನೂ ತೆರೆದು ಪಟ್ಟಿ ಮಾಡಿ, ಜೊತೆಗೇ ಮೊಬೈಲಿನಲ್ಲಿ ವಿಡಿಯೊ ತೆಗೆದಿಟ್ಟುಕೊಳ್ಳಿ. ಪಟ್ಟಿ, ವಿಡಿಯೊ, ರಸೀದಿಗಳ ಪ್ರತಿಯನ್ನು ಮನೆಯ ಹೊರಗೂ ಒಂದು ಕಡೆ ಇಡಬೇಕು.

ಪಟ್ಟಿಯ ವಸ್ತುಗಳಿಗೆ ಯಾವ ಬೆಲೆ ಬರೆಯಬೇಕೆಂಬುದು ಪಾಲಿಸಿಯ ಬಗೆಯನ್ನು ಅವಲಂಬಿಸಿದೆ. ಹಳೆಯದರ ಬದಲಿಗೆ ಹೊಸದನ್ನು ಕೊಡುವ ಪಾಲಿಸಿಯಾದರೆ ಇಂದಿನ ಅಂಗಡಿ ಬೆಲೆಯನ್ನೇ ಬರೆಯಬೇಕು. ಸವಕಳಿ ಕಳೆದು ಕೊಡುವ ಪಾಲಿಸಿಯಾದರೆ, ಹತ್ತು ವರ್ಷ ಬಾಳುವುದೆಂದು ಲೆಕ್ಕ ಹಿಡಿದ ಯಂತ್ರ ಆರು ವರ್ಷ ಬಳಕೆಯಾದ ಮೇಲೆ ಹಾಳಾದಾಗ, ವರ್ಷಕ್ಕೆ ಒಂದೇ ಸಮನೆ ಸವಕಳಿ ಕಳೆದರೆ, ಹೊಸ ಬೆಲೆಯ ಶೇ 40ರಷ್ಟು ಮಾತ್ರ ಕೈಗೆ ಬರುತ್ತದೆ. ಪ್ರೀಮಿಯಂ ಸ್ವಲ್ಪ ಹೆಚ್ಚಾದರೂ ಮೊದಲನೆಯ ಬಗೆಯೇ ಮೇಲೆಂಬುದು ನನ್ನ ಅಭಿಪ್ರಾಯ. ಎಲ್ಲವನ್ನೂ ಕಳೆದುಕೊಂಡ ಕುಟುಂಬಕ್ಕೆ ಅರೆಬೆಲೆಯಲ್ಲಿ ಮತ್ತೆ ಸಂಸಾರ ಹೂಡುವುದು ಬಹಳ ಕಷ್ಟ. ಒಡವೆ, ಕಲಾಕೃತಿ, ದುಬಾರಿ ಕ್ಯಾಮೆರಾದಂತಹ ವಸ್ತುಗಳಿಗೆ ಪಾಲಿಸಿಯಲ್ಲಿ ಸಾಮಾನ್ಯವಾಗಿ ಒಟ್ಟು ಮೊತ್ತದೊಳಗೇ ಇಂತಿಷ್ಟೇ ಎಂಬ ಒಳಮಿತಿ ಇರುತ್ತದೆ. ಅದನ್ನು ಮೀರುವವನ್ನು ಮೌಲ್ಯಮಾಪನ ಮಾಡಿಸಿ ಪ್ರತ್ಯೇಕವಾಗಿ ನಮೂದಿಸಬೇಕು.

ಬಾಡಿಗೆದಾರರಿಗೆ ಸಾಮಾನಿನ ವಿಮೆ ಸಾಕು. ಫ್ಲ್ಯಾಟಿನ ಮಾಲೀಕರು ಇಡೀ ಕಟ್ಟಡಕ್ಕೆ ಸಂಘದ ವಿಮೆ ಇದೆಯೇ, ಇದ್ದರೆ ತಮ್ಮ ಗೋಡೆಗಳ ಒಳಗಿನ ಯಾವ ಭಾಗಗಳು ಅದರಲ್ಲಿ ಸೇರಿವೆ ಎಂದು ಮೊದಲು ವಿಚಾರಿಸಬೇಕು. ಮನೆ ವಾಸಕ್ಕೆ ಬಾರದಂತಾದರೆ ಬೇರೆಡೆ ಬಾಡಿಗೆಗೆ ಇರುವ ಖರ್ಚನ್ನು ಪಾಲಿಸಿ ಎಷ್ಟು ತಿಂಗಳವರೆಗೆ ಕೊಡುತ್ತದೆ ಎಂಬುದನ್ನೂ ನೋಡಿ; ಅವಶೇಷ ತೆಗೆಸಿ, ಪರವಾನಗಿ ಪಡೆದು, ಕಟ್ಟಿ ಮುಗಿಸುವಷ್ಟು ಕಾಲಕ್ಕೆ ಅದು ಸಾಲಬೇಕು.

ಒಮ್ಮೆ ಬರೆದ ಮೊತ್ತವನ್ನೇ ವರ್ಷ ವರ್ಷ ನವೀಕರಿಸುತ್ತ ಹೋಗಬಾರದು. ನಿರ್ಮಾಣ ವೆಚ್ಚ ವರ್ಷಕ್ಕೆ ಶೇ 6ರಂತೆ ಏರಿದರೆ ಇಂದಿನ 100 ಐದು ವರ್ಷಗಳಲ್ಲಿ ಸುಮಾರು 134 ಆಗುತ್ತದೆ; ಸರಿಯಾಗಿದ್ದ ವಿಮೆಯೂ ಆಗ ನಾಲ್ಕರಲ್ಲಿ ಮೂರು ಪಾಲಿಗೆ ಇಳಿದು, ಮೇಲೆ ಹೇಳಿದ ಆವರೇಜ್ ಷರತ್ತಿಗೆ ಸಿಕ್ಕಿಕೊಳ್ಳುತ್ತದೆ. ಮೊತ್ತ ತಾನಾಗಿ ಏರುವ ಸೌಲಭ್ಯವಿದ್ದರೆ ತೆಗೆದುಕೊಳ್ಳಿ. ಕೋಣೆ ಸೇರಿಸಿದಾಗ, ನೆಲಹಾಸು ಬದಲಿಸಿದಾಗ ಕಂಪನಿಗೆ ಕೂಡಲೇ ತಿಳಿಸಿ. ಪ್ರೀಮಿಯಂ ಭಾರವೆನಿಸಿದರೆ ವಿಮಾ ಮೊತ್ತವನ್ನು ಕತ್ತರಿಸುವ ಬದಲು, ಪ್ರತಿ ಕ್ಲೇಮಿನಲ್ಲಿ ನೀವೇ ಭರಿಸುವ ಆರಂಭದ ಪಾಲನ್ನು ನಿಮ್ಮ ಉಳಿತಾಯ ತಾಳುವಷ್ಟಕ್ಕೆ ಹೆಚ್ಚಿಸಿ, ಅದರಿಂದ ಪ್ರೀಮಿಯಂ ಎಷ್ಟು ಇಳಿಯುತ್ತದೆ ಎಂದು ಕಂಪನಿಯಿಂದ ಲೆಕ್ಕ ಕೇಳಿ.