ಟೀ ಟ್ರೇ ಅಷ್ಟು ಜಾಗ ಇದ್ರೆ ಗೋದಲಿ ಆಗತ್ತೆ

ಪ್ರತಿ ವರ್ಷ ಡಿಸೆಂಬರ್ 23ರ ರಾತ್ರಿ ನಂಗೆ ಒಂದಾದ್ರೂ ಫೋನ್ ಬರತ್ತೆ, ಬೈಹುಲ್ಲು ಎಲ್ಲಿ ಸಿಗತ್ತೆ, ಗೋದಲಿ ಮಾಡ್ಬೇಕು ಅಂತ. ಗೋದಲಿ ಅಂದ್ರೆ ಕ್ರಿಸ್‌ಮಸ್‌ಗೆ ಮನೇಲಿ ಗೊಂಬೆ ಇಟ್ಟು ಮಾಡೋ, ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ದೃಶ್ಯ. ಆ ಹೊತ್ತಲ್ಲಿ ಬೆಂಗಳೂರಲ್ಲಿ ಎಲ್ಲಿಂದ ತರೋದು? ಹುಲ್ಲು ಹೇಗೋ ಸಿಕ್ರೂ, ಗೋದಲಿ ಸುತ್ತ ಹಸಿರು ಹುಲ್ಲುಗಾವಲಿಗೆ ಅಂತ ಬೆಳೆಸೋ ರಾಗಿ ಒಂದೇ ರಾತ್ರೀಲಿ ಮೊಳೆಯಲ್ಲ. ಇದು ಒಂದು ಸಂಜೆ ಕೂತು ಮುಗಿಸೋ ಕೆಲಸ ಅಲ್ಲ, ಹತ್ತು ಹನ್ನೆರಡು ದಿನ ಸ್ವಲ್ಪ ಸ್ವಲ್ಪವಾಗಿ ಬೆಳೆಯೋದು, ಹಾಗಾಗಿ 24ರಿಂದ ಹಿಂದಕ್ಕೆ ಎಣಿಸ್ಕೊಂಡು ಶುರು ಮಾಡಿ.

ಮೊದಲು ಜಾಗ. ಊರಲ್ಲಿ ಅಂಗಳದ ಅರ್ಧ ಗೋದಲಿಗೇ ಹೋಗ್ತಿತ್ತು, ಇಲ್ಲಿ ಬಾಡಿಗೆ ಮನೇಲಿ ನಂಗೆ ಇರೋದು ಒಂದು ಟೀ ಟ್ರೇ ಅಷ್ಟು ಜಾಗ, ಒಂದೂವರೆ ಅಡಿ ಉದ್ದ, ಒಂದಡಿ ಅಗಲ. ಸಾಕು. ಎರಡು ಗೋಡೆ ಸೇರೋ ಮೂಲೇಲಿ ಒಂದು ಸ್ಟೂಲ್ ಇಟ್ರೆ ಹಿಂದೆ ಏನೂ ಮುಚ್ಚೋ ತಲೆನೋವಿಲ್ಲ, ಫ್ಯಾನ್ ಗಾಳಿ ನೇರ ಬಡಿಯಲ್ಲ. ಟೀವಿ ಪಕ್ಕ ಮಾತ್ರ ಬೇಡ, ಟೀವಿ ಹಾಕಿದ ತಕ್ಷಣ ಗೋದಲಿ ಕಡೆ ಯಾರೂ ತಿರುಗಿ ನೋಡಲ್ಲ.

12ನೇ ತಾರೀಖಿಗೆ ರಾಗಿ ನೆನೆಹಾಕಿ. ಒಂದು ಹಿಡಿ ಸಾಕು. ರಾತ್ರಿಯಿಡೀ ನೆನೆದದ್ದನ್ನ ಬೆಳಗ್ಗೆ ಬಸಿದು ಒದ್ದೆ ಬಟ್ಟೇಲಿ ಕಟ್ಟಿ ಒಂದು ದಿನ ಬಿಡಿ, ಬಿಳಿ ಮೂಗು ಕಾಣಿಸ್ಕೊಳ್ಳತ್ತೆ. ಆಮೇಲೆ ಸ್ವೀಟ್ ಬಾಕ್ಸ್ ಮುಚ್ಚಳಕ್ಕೆ ಪ್ಲಾಸ್ಟಿಕ್ ಹಾಸಿ ಅರ್ಧ ಇಂಚು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಇಲ್ಲಾಂದ್ರೆ ಜರಡಿ ಹಿಡಿದ ಮಣ್ಣು ಹರಡಿ, ಮೇಲೆ ರಾಗಿ ಒತ್ತೊತ್ತಾಗಿ ಚೆಲ್ಲಿ ಒದ್ದೆ ಪೇಪರ್ ಮುಚ್ಚಿಡಿ. ಎರಡು ದಿನ ಬಿಟ್ಟು ಪೇಪರ್ ತೆಗೆದು ಕಿಟಕಿ ಹತ್ರ ಇಡಿ, ನೀರು ಸುರೀಬೇಡಿ, ಬೆಳಗ್ಗೆ ಸಂಜೆ ಸ್ಪ್ರೇ ಮಾಡಿ ಅಷ್ಟೇ, ಜಾಸ್ತಿ ನೀರಾದ್ರೆ ಬಿಳಿ ಬೂಷ್ಟು ಬಂದು ಇಡೀ ಹುಲ್ಲುಗಾವಲು ಹಾಳು. ಡಿಸೆಂಬರ್ ಚಳೀಗೆ ಇದು ನಿಧಾನ, ಮಂಗಳೂರಲ್ಲಿ ಬೇಗ ಬರತ್ತೆ, ಇಲ್ಲಿ ಎರಡು ಮೂರು ದಿನ ಜಾಸ್ತಿ ಬೇಕು. ಲೇಟಾಗಿ ನೆನಪಾಯ್ತಾ, ಸಾಸಿವೆ ಹಾಕಿ. ಗೋಧಿ ಬೇಡ, ಅದು ಒಂದು ವಾರದಲ್ಲಿ ಗೊಂಬೆಗಳಿಗಿಂತ ಎತ್ತರಕ್ಕೆ ಹೋಗಿ ಕುರಿಗಳೆಲ್ಲ ಕಾಡಲ್ಲಿ ಕಳೆದುಹೋದಂಗೆ ಕಾಣತ್ತೆ. ಮೈಸೂರು ಕಡೆ ದಸರಾ ಗೊಂಬೆ ಕೂರಿಸೋರು ಪಾರ್ಕ್ ಮಾಡಕ್ಕೆ ರಾಗಿ ಬೆಳೆಸ್ತಾರಲ್ಲ, ಅದೇ ಇದು. ನಮ್ಮ ಪಕ್ಕದ ಮನೆ ಆಂಟಿ ಹತ್ರಾನೇ ಆ ಒದ್ದೆ ಪೇಪರ್ ಉಪಾಯ ಕಲಿತದ್ದು ನಾನು.

ರಾಗಿ ಬೆಳೀತಿರೋವಾಗ ಬೆಟ್ಟ. ಸಿಮೆಂಟ್ ಚೀಲದ ಒಳಗಿನ ಖಾಕಿ ಕಾಗದ ಸಿಕ್ರೆ ಬೆಸ್ಟ್, ಇಲ್ಲಾಂದ್ರೆ ಆನ್‌ಲೈನ್ ಪಾರ್ಸೆಲ್ ಜೊತೆ ಬರೋ ಬ್ರೌನ್ ಪೇಪರ್. ನೀರಲ್ಲಿ ಅದ್ದಿ ಮುದ್ದೆ ಮಾಡಿ ಹಿಂಡಿ ಬಿಡಿಸಿ, ಆ ಸುಕ್ಕೇ ಬಂಡೆ. ಹಳೇ ಚಪ್ಪಲಿ ಡಬ್ಬನ ಹಿಂದೆ ನಿಲ್ಸಿ, ಮೇಲೆ ಈ ಕಾಗದಾನ ಮೈದಾ ಗಂಜೀಲಿ ಅಂಟಿಸಿ, ಒಣಗಿದ ಮೇಲೆ ಕಾಫಿ ಡಿಕಾಕ್ಷನ್ನನ್ನ ಸ್ಪಂಜಲ್ಲಿ ಅಲ್ಲಲ್ಲಿ ಒತ್ತಿ, ಅಂಗಡಿ ಬಣ್ಣಕ್ಕಿಂತ ಚೆನ್ನಾಗಿರತ್ತೆ. ಮೈದಾ ಗಂಜಿಗೆ ಇರುವೆ, ಜಿರಳೆ ಬರತ್ತೆ ಅನ್ನೋದು ನಿಜ. ಬುಕ್ ಬೈಂಡಿಂಗ್‌ನೋರು ಅದಕ್ಕೇ ಮೈಲುತುತ್ತ ಹಾಕ್ತಾರೆ, ಅದು ವಿಷ, ಮಕ್ಕಳಿರೋ ಮನೇಲಿ ಬೇಡ, ಗಂಜಿ ತೆಳ್ಳಗೆ ಬಳಿದು ಬಿಸಿಲಲ್ಲಿ ಗರಿಗರಿ ಒಣಗಿಸಿದ್ರೆ ಸಾಕು.

ಕೊಟ್ಟಿಗೆಗೆ ಒಂದೇ ಲೆಕ್ಕ ನೆನಪಿಟ್ಕೊಳ್ಳಿ: ನಿಮ್ಮ ಹತ್ರ ಇರೋ ದೊಡ್ಡ ಗೊಂಬೆ ಎಷ್ಟೆತ್ತರ ಇದ್ಯೋ ಅದರ ಒಂದೂವರೆ ಪಟ್ಟು ಸೂರು. ಯೇಸುವಿನ ಸಾಕುತಂದೆ ಜೋಸೆಫರ ಗೊಂಬೆ ನಾಲ್ಕಿಂಚು ಇದ್ರೆ ಸೂರು ಆರಿಂಚು. ಐಸ್‌ಕ್ರೀಂ ಕಡ್ಡಿ, ತೆಂಗಿನ ಗರಿ ಕಡ್ಡಿ, ಮೇಲೆ ಬೈಹುಲ್ಲು, ಮುಗೀತು. ಶಿವಾಜಿನಗರದಲ್ಲಿ ಬೆಸಿಲಿಕಾ, ರಸೆಲ್ ಮಾರ್ಕೆಟ್ ಸುತ್ತಮುತ್ತ ರೆಡಿಮೇಡ್ ಕೊಟ್ಟಿಗೆ ಸಿಗತ್ತೆ, ತಗೊಂಡ್ರೆ ಯಾರೂ ಬೈಯಲ್ಲ.

ಲೈಟು ಕಮ್ಮಿ ಇರ್ಲಿ ಮಾರಾಯ್ರೇ. ಬಣ್ಣ ಬಣ್ಣದ್ದು ಮಿಣಮಿಣ ಅನ್ನೋ ಸರ ಸುತ್ತಿದ್ರೆ ಬಾರ್ ಬೋರ್ಡ್ ಥರ ಆಗತ್ತೆ. ಬ್ಯಾಟರಿದು ಹಳದಿ ಎಲ್‌ಇಡಿ ಸರ ಒಂದು ತಗೊಂಡು ಎರಡೇ ಬಲ್ಬನ್ನ ಕೊಟ್ಟಿಗೆ ಒಳಗೆ, ಮಗೂನ ಮಲಗ್ಸೋ ಜಾಗದ ಹಿಂದೆ, ಮಿಕ್ಕಿದ್ದನ್ನ ಬೆಟ್ಟದ ಒಳಗೆ ತುರುಕಿ. ಬಲ್ಬು ಕಾಣಬಾರದು, ಬೆಳಕು ಮಾತ್ರ ಕಾಣ್ಬೇಕು. ಹಳೇ ಸೀರಿಯಲ್ ಸೆಟ್ ಬಿಸಿಯಾಗತ್ತೆ, ಒಣಹುಲ್ಲಿನ ಹತ್ರ ಅದೂ ಬೇಡ, ಕ್ಯಾಂಡಲ್ಲಂತೂ ಬೇಡವೇ ಬೇಡ.

ಇನ್ನು ಗೊಂಬೆಗಳು. ಎಲ್ಲಾನೂ ಒಟ್ಟಿಗೆ ಮುಂದೆ ಸಾಲಾಗಿ ನಿಲ್ಸೋದೇ ಎಲ್ರೂ ಮಾಡೋ ತಪ್ಪು, ಸ್ಕೂಲ್ ಗ್ರೂಪ್ ಫೋಟೋ ಥರ. ದೊಡ್ಡವು ಮುಂದೆ, ಚಿಕ್ಕವು ಹಿಂದೆ ಬೆಟ್ಟದ ಮೇಲೆ ಇಡಿ, ದೂರ ಇದ್ದಂಗೆ ಕಾಣತ್ತೆ. ಎಲ್ಲರ ಮುಖಾನೂ ಹುಲ್ಲಿನ ತೊಟ್ಟಿಲ ಕಡೆ ಇರ್ಲಿ, ನಮ್ಮ ಕಡೆ ಅಲ್ಲ. ಗೊಂಬೆ ಕಮ್ಮಿ ಇದೆ ಅಂತ ಬೇಜಾರು ಬೇಡ, 1223ರಲ್ಲಿ ಇಟಲಿಯ ಗ್ರೆಚೊ ಅನ್ನೋ ಊರಲ್ಲಿ ಅಸ್ಸೀಸಿಯ ಸಂತ ಫ್ರಾನ್ಸಿಸ್ ಗೋದಲಿ ಮಾಡಿದಾಗ ತರಿಸಿದ್ದು ಹುಲ್ಲು, ಒಂದು ಎತ್ತು, ಒಂದು ಕತ್ತೆ. ತಮಾಷೆ ಅಂದ್ರೆ ಯೇಸು ಹುಟ್ಟಿದ ಕಥೆ ಹೇಳೋವಾಗ ಬೈಬಲ್‌ನ ಸುವಾರ್ತೆಗಳಲ್ಲಿ ಎತ್ತು ಕತ್ತೆ ಇದ್ವು ಅಂತ ಎಲ್ಲೂ ಇಲ್ಲ, ಆದ್ರೂ ಅವಿಲ್ಲದೆ ಗೋದಲಿ ಗೋದಲಿ ಅನ್ಸಲ್ಲ. ನೇಪಲ್ಸ್‌ನಲ್ಲಂತೂ ಮೀನು ಮಾರೋರು, ಪಿಜ್ಜಾ ಮಾಡೋರು ಎಲ್ಲಾ ಗೋದಲಿ ಒಳಗೆ ಇರ್ತಾರೆ. ನಾನೂ ಧೈರ್ಯ ಮಾಡಿ ಚನ್ನಪಟ್ಟಣದ ಒಂದು ಕೊಡ ಹೊತ್ತ ಹೆಂಗಸನ್ನ ಕುರುಬರ ಪಕ್ಕ ನಿಲ್ಸಿದೀನಿ. ಅತ್ತೆ ಮೊದಲ ವರ್ಷ ಹುಬ್ಬು ಗಂಟು ಹಾಕಿದ್ರು, ಈಗ ಅವರೇ ಕೇಳ್ತಾರೆ, ಕೊಡದವಳು ಎಲ್ಲಿ ಅಂತ.

ರಾಗಿ ಹುಲ್ಲನ್ನ 23ಕ್ಕೆ ಕತ್ತರೀಲಿ ತುಂಡು ತುಂಡು ಮಾಡಿ ಮಣ್ಣು ಸಮೇತ ಟ್ರೇನಲ್ಲಿ ಜೋಡಿಸಿ, ಮಧ್ಯೆ ದಾರಿಗೆ ಮರಳು. ಕನ್ನಡಿ ಚೂರಿನ ಕೆರೆ ನಂಗಿಷ್ಟ ಇಲ್ಲ, ನಿಮಗಿಷ್ಟ ಇದ್ರೆ ಅಂಚನ್ನ ಮರಳಲ್ಲಿ ಮುಚ್ಚಿ.

ತೊಟ್ಟಿಲು ಮಾತ್ರ 24ರ ರಾತ್ರಿವರೆಗೆ ಖಾಲಿ ಇರ್ಲಿ. ಅಲ್ಲಿವರೆಗೆ ಮಕ್ಕಳು ದಿನಾ ಏನಾದ್ರೂ ಒಂದು ಒಳ್ಳೆ ಕೆಲಸ ಮಾಡಿದ್ರೆ ಒಂದು ಕಡ್ಡಿ ಹುಲ್ಲು ಹಾಕ್ಬಹುದು, ಇದು ಹಳೇ ಪದ್ಧತಿ, ನನ್ನ ಮಗಳು ಕಳೆದ ವರ್ಷ ತಮ್ಮನ್ನ ಹೊಡೀದೇ ಇದ್ದದ್ದಕ್ಕೇ ಐದು ಕಡ್ಡಿ ಹಾಕಿದಾಳೆ. ಪೂಜೆ ಮುಗಿಸಿ ಚರ್ಚಿಂದ ಬಂದು ಬಾಲಯೇಸುವನ್ನ ಮಲಗಿಸಿ. ಆದ್ರೆ ಮಗೂನ ನೋಡೋಕೆ ಪೂರ್ವದಿಂದ ಬಂದ ಮೂವರು ರಾಯರನ್ನ ಆಗಲೂ ಒಳಗೆ ಬಿಡ್ಬೇಡಿ, ಅವರ ಹಬ್ಬ ಜನವರಿ 6ಕ್ಕೆ. ಒಂಟೆ ಸಮೇತ ಅವರನ್ನ ಅಡುಗೆಮನೆ ಶೆಲ್ಫಲ್ಲಿ ನಿಲ್ಸಿ, ದಿನಾ ಒಂದೊಂದು ಗೇಣು ಮುಂದಕ್ಕೆ, ಫ್ರಿಡ್ಜ್ ಮೇಲೆ ಒಂದು ದಿನ, ಕಿಟಕೀಲಿ ಒಂದು ದಿನ, ಕೊನೆಗೆ ಗೋದಲಿ ಬಾಗಿಲಿಗೆ. ಬೆಳಗ್ಗೆ ಎದ್ದ ತಕ್ಷಣ ಮಕ್ಕಳು ರಾಯರು ಎಲ್ಲಿಗೆ ಬಂದ್ರು ಅಂತ ಹುಡುಕ್ತಾ ಓಡ್ತಾರೆ, ನಮ್ಮನೇಲಿ ಕುಸ್ವಾರ್ (ಕ್ರಿಸ್‌ಮಸ್ ತಿಂಡಿ) ಡಬ್ಬಕ್ಕಿಂತ ಜಾಸ್ತಿ ಗಲಾಟೆ ಇದಕ್ಕೇ.

ಹಬ್ಬ ಮುಗಿದ ಮೇಲೆ ಗೊಂಬೆಗಳನ್ನ ಹಳೇ ಕಾಟನ್ ಸೀರೆ ತುಂಡಲ್ಲಿ ಒಂದೊಂದಾಗಿ ಸುತ್ತಿಡಿ, ನ್ಯೂಸ್‌ಪೇಪರ್ ಬೇಡ, ಶಾಯಿ ಅಂಟತ್ತೆ. ರಾಗಿ ಹುಲ್ಲು ಬೀದಿ ಹಸೂಗೆ. ಟ್ರೇ ತೊಳೆದು ವಾಪಸ್ ಟೀಗೆ.