ಕನ್ನಡಿಯಲ್ಲಿ ಓದಿದ ಮುಚ್ಚಿಗೆ

ಸ್ವಿಟ್ಜರ್ಲೆಂಡಿನ ತ್ಸಿಲಿಸ್ ಹಳ್ಳಿಯ ಸಂತ ಮಾರ್ಟಿನ್ ಚರ್ಚಿಗೆ ಮೊದಲ ಸಲ ಹೋದಾಗ ಅರ್ಧ ಗಂಟೆ ಕತ್ತೆತ್ತಿ ನೋಡಿದ್ದೆ. ವಾಪಸು ಬಸ್ಸಿನಲ್ಲಿ ಕೂತಾಗ ನೆನಪಿದ್ದದ್ದು ಮೂರೇ ಚಿತ್ರ. ಮೇಲಿದ್ದದ್ದು 153.

ಮಲೆನಾಡಿನ ಹಳೇ ಮನೆಗಳಲ್ಲಿ ಹಲಗೆ ಹೊಡೆದು ಮಾಡಿದ ಒಳಚಾವಣಿಯನ್ನು ಮುಚ್ಚಿಗೆ ಅನ್ನುತ್ತೇವೆ. ಈ ಚರ್ಚಿನದೂ ಅಂಥದ್ದೇ. ಸುಮಾರು 90 ಸೆಂಟಿಮೀಟರಿನ ಚೌಕ ಹಲಗೆಗಳು, ಅಡ್ಡಕ್ಕೆ 9, ಉದ್ದಕ್ಕೆ 17. ಒಂದೊಂದರಲ್ಲೂ ಬಣ್ಣದ ಚಿತ್ರ. 12ನೇ ಶತಮಾನದ ಮೊದಲ ಭಾಗದ್ದು. ಬೈಬಲಿನ ಯೋಹಾನನ ಸುವಾರ್ತೆಯಲ್ಲಿ ಯೇಸುವಿನ ಶಿಷ್ಯರ ಬಲೆಗೆ ಬಿದ್ದ ಮೀನುಗಳೂ 153. ಇದು ಕಾಕತಾಳೀಯ ಎಂದು ನನಗೆ ಅನ್ನಿಸುವುದಿಲ್ಲ.

ಎರಡನೇ ಸಲ ತಯಾರಾಗಿ ಹೋದೆ. ಹಿಂದಿನ ರಾತ್ರಿಯೇ ಪುಸ್ತಕದಲ್ಲಿ 9×17 ಮನೆ ಗೀಟು ಹಾಕಿದ್ದೆ. ಕತ್ತು ನೋಯದಿರಲೆಂದು ಚರ್ಚಿನಲ್ಲಿ ಕೈಗನ್ನಡಿ ಕೊಡುತ್ತಾರೆ. ಅದನ್ನು ಹೊಟ್ಟೆಯ ಹತ್ತಿರ ಹಿಡಿದು, ತಲೆ ತಗ್ಗಿಸಿ, ಒಂದೊಂದೇ ಮನೆ ತುಂಬಿಸುತ್ತ ಹೋದೆ. ಮೂರು ಸಾಲು ಮುಗಿದ ಮೇಲೆ ತಪ್ಪು ಗೊತ್ತಾಯಿತು: ನನ್ನ ಯೇಸು ಎಡಗೈಯಲ್ಲಿ ಆಶೀರ್ವಾದ ಮಾಡುತ್ತಿದ್ದ! ಕನ್ನಡಿ ಕೈ ಅದಲುಬದಲು ಮಾಡುತ್ತದೆ, ಪುಸ್ತಕ ಎತ್ತ ತಿರುಗಿಸಿದರೂ ಸರಿಹೋಗುವುದಿಲ್ಲ. ಆಮೇಲೆ ಒಂದು ಕ್ರಮ ಮಾಡಿಕೊಂಡೆ. ಕಥೆಯ ಸಾಲು ಹಿಡಿಯಲು ಕನ್ನಡಿ. ಕೈ, ಮುಖ, ನಡೆಯುವ ದಿಕ್ಕು ಬರೆಯುವಾಗ ಬೆಂಚಿಗೆ ಒರಗಿ ಸಣ್ಣ ದುರ್ಬೀನು. ಪ್ರತಿ ಸಾಲಿಗೂ ಐದು ನಿಮಿಷ ವಿಶ್ರಾಂತಿ.

ಮೊದಲು ಅಂಚು ಮುಗಿಸಿದ್ದು ಒಳ್ಳೆಯದಾಯಿತು. ಅಂಚಿನ 48 ಹಲಗೆಗಳೆಲ್ಲ ಸಮುದ್ರ: ನಾಲ್ಕು ಮೂಲೆಯಲ್ಲಿ ಗಾಳಿಯ ದೂತರು, ನಡುವೆ ಮೀನಿನ ಬಾಲದ ಪ್ರಾಣಿಗಳು. ಮೀನುಬಾಲದ ಆನೆಯ ಮುಂದೆ ಬಹಳ ಹೊತ್ತು ನಿಂತೆ. ದೇವಸ್ಥಾನದ ಮಕರ ನೋಡಿ ಬೆಳೆದ ಕಣ್ಣಿಗೆ ಅದು ಪರಿಚಯದ ಮುಖ. ಆ ಕಡಲಿನ ಒಳಗೆ 105 ಹಲಗೆ. ಯೆಹೂದಿ ರಾಜರಾದ ದಾವೀದ, ಸೊಲೊಮೋನರಿಂದ ಶುರುವಾಗಿ ಯೇಸುವಿನ ಜೀವನ. ಶಿಶು ಯೇಸುವನ್ನು ನೋಡಲು ಕುದುರೆಯೇರಿ ಹೊರಟ ಮೂವರು ಜ್ಞಾನಿಗಳಿಗೆ ಚಿತ್ರಕಾರ ಹಲಗೆಯ ಮೇಲೆ ಹಲಗೆ ಕೊಟ್ಟಿದ್ದಾನೆ. ಸ್ಪ್ಲೂಗನ್, ಸಾನ್ ಬರ್ನಾರ್ಡಿನೊ ಘಾಟಿಗಳ ದಾರಿಯ ಊರಿದು, ಪ್ರಯಾಣದ ಕಷ್ಟ ಇಲ್ಲಿನವರಿಗೆ ಹೇಳಿಕೊಡಬೇಕಿರಲಿಲ್ಲ. ಬೈಬಲಿನಲ್ಲಿ ಇಲ್ಲದ ಕಥೆಯೂ ಇದೆ: ಬಾಲಯೇಸು ಮಣ್ಣಿನ ಹಕ್ಕಿಗಳಿಗೆ ಜೀವ ಕೊಡುವುದು. ನನಗೆ ಇಡೀ ಮುಚ್ಚಿಗೆಯಲ್ಲಿ ಅತ್ಯಂತ ಪ್ರಿಯವಾದದ್ದು ಅದೇ.

16ನೇ ಶತಮಾನದಲ್ಲಿ ಊರು ಚಿತ್ರಪೂಜೆ ಒಪ್ಪದ ಪ್ರೊಟೆಸ್ಟೆಂಟ್ ಪಂಥ ಸೇರಿತು. ಆ ಕಾಲದಲ್ಲಿ ಎಷ್ಟೋ ಚರ್ಚುಗಳ ಚಿತ್ರಗಳು ಸುಣ್ಣದಡಿ ಹೋದವು, ಕೆಲವು ಒಡೆದುಹೋದವು. ಇಲ್ಲಿನವರು ಮುಚ್ಚಿಗೆ ಮುಟ್ಟಲಿಲ್ಲ. ಹೊರಗೋಡೆಯ ದೊಡ್ಡ ಸಂತ ಕ್ರಿಸ್ಟೋಫರನೂ ಉಳಿದ. ಅವನ ಮುಖ ನೋಡಿದವರಿಗೆ ಆ ದಿನ ಅಕಾಲಮರಣ ಇಲ್ಲ ಎಂಬ ನಂಬಿಕೆಯಿಂದ ದಾರಿಹೋಕರಿಗೆ ಕಾಣುವಂತೆ ಬರೆಯುತ್ತಿದ್ದರು.

ಯೇಸುವಿನ ಕಥೆ ಮುಳ್ಳಿನ ಕಿರೀಟಕ್ಕೆ ನಿಲ್ಲುತ್ತದೆ. ಶಿಲುಬೆಯ ಚಿತ್ರವಿಲ್ಲ. ಎಲ್ಲೋ ತಪ್ಪಿಸಿಕೊಂಡೆ ಅಂದುಕೊಂಡು ಸಾಲುಗಳನ್ನು ಮೂರು ಸಲ ಎಣಿಸಿದೆ. ಮುಂದಿನ ಸಾಲಿಗೆ ಹೋದರೆ ಸಂತ ಮಾರ್ಟಿನ್, ತನ್ನ ಮೇಲುಹೊದಿಕೆ ಕತ್ತರಿಸಿ ಭಿಕ್ಷುಕನಿಗೆ ಕೊಡುತ್ತಿದ್ದಾನೆ. ಅವನ ಏಳು ಹಲಗೆ ಬರೆದು ಮುಗಿಸುವಷ್ಟರಲ್ಲಿ ಬೆಳಕು ಕುಂದಿತ್ತು. ಬಣ್ಣ ಗುರುತುಮಾಡಿಕೊಳ್ಳಲು ಮರುದಿನ ಬೆಳಿಗ್ಗೆ ಮತ್ತೆ ಹೋದೆ.