ರಾಗಿ ಮೊಳಕೆ ಕಟ್ಟೋದು ಹೀಗೆ

ಹೋದ ವಾರ ತಂಗಿ ಮಗಳು ಫೋನ್ ಮಾಡಿದ್ದಳು. "ದೊಡ್ಡಮ್ಮಾ, ಸ್ಕ್ಯಾನ್‌ನಲ್ಲಿ ಆಸ್ಟಿಯೋಪೊರೋಸಿಸ್, ಅಂದ್ರೆ ಮೂಳೆ ಟೊಳ್ಳಾಗಿದೆ ಅಂತ ಬಂದಿದೆ. ರಾಗಿ ಮಾಲ್ಟ್ ಡಬ್ಬಿ ತಂದಿದ್ದೀನಿ" ಅಂದಳು. ಡಬ್ಬಿ ಹಿಂದೆ ಏನಿದೆ ಓದು ಅಂದೆ. ಮೊದಲ ಹೆಸರೇ ಸಕ್ಕರೆ. ಸಿಟ್ಟು ಬರದೆ ಇರುತ್ತಾ?

100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದು 10ರ ಆಸುಪಾಸು. ಆದರೆ ರಾಗಿಯಲ್ಲಿರುವ ಫೈಟೇಟ್ ಅನ್ನೋ ಅಂಶ ಆ ಕ್ಯಾಲ್ಸಿಯಂ ಅನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಮೊಳಕೆ ಬರಿಸಿದರೆ ಆ ಹಿಡಿತ ಸಡಿಲವಾಗುತ್ತದೆ. ಅದಕ್ಕೇ ನಮ್ಮತ್ತೆ ಅಷ್ಟು ಶ್ರಮ ಪಡುತ್ತಿದ್ದದ್ದು.

ರಾಗಿಯನ್ನು ನಾಲ್ಕೈದು ನೀರಿನಲ್ಲಿ ತೊಳೆಯಿರಿ, ಕಲ್ಲು ತಳಕ್ಕೆ ಬಿಡಿ. ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಬಸಿದು ಹಳೇ ಹತ್ತಿ ಪಂಚೆಯಲ್ಲಿ ಗಂಟು ಕಟ್ಟಿ. ಹೊಸ ಬಟ್ಟೆ ಬೇಡ, ಅದು ನೀರು ಹೀರಲ್ಲ. ಗಂಟನ್ನು ತೂತಿನ ಬುಟ್ಟಿಯಲ್ಲಿಟ್ಟು ಮೇಲೆ ಭಾರ ಹೇರಿ. ಒಣಗಿತು ಅನಿಸಿದಾಗ ಕೈಯಿಂದ ನೀರು ಚಿಮುಕಿಸಿ, ಸುರಿಯಬೇಡಿ. ಮಾರನೇ ದಿನ ಗಂಟಿಗೆ ಕೈಯಿಟ್ಟರೆ ಬೆಚ್ಚಗಿರಬೇಕು. ಹುಳಿ ವಾಸನೆ ಬಂದರೆ ನೀರು ಜಾಸ್ತಿಯಾಗಿದೆ ಅಂತ ಅರ್ಥ, ಅದನ್ನು ಎಸೆಯಿರಿ. ಬಿಳಿ ಮೊಳಕೆ ಕಾಳಿನಷ್ಟೇ ಉದ್ದ ಬಂದಾಗ ಬಿಚ್ಚಿ, ನೆರಳಲ್ಲಿ ತೆಳ್ಳಗೆ ಹರಡಿ. ಬಾಯಲ್ಲಿ ಕಡಿದರೆ ಕಟ್ ಅನ್ನಬೇಕು. ಆಮೇಲೆ ಸಣ್ಣ ಉರಿಯಲ್ಲಿ ಘಮ ಬರುವ ತನಕ ಹುರಿದು ಬೀಸಿಸಿ.

ಇಲ್ಲೇ ಎಲ್ಲರೂ ತಪ್ಪು ಮಾಡೋದು. ತೆಳು ಬಟ್ಟೆಯಲ್ಲಿ ಸೋಸಿ ಹೊಟ್ಟನ್ನು ಕಸಕ್ಕೆ ಹಾಕುತ್ತಾರೆ! ಮಗುವಿನ ಸರಿಗಾದರೆ ಸೋಸಿ. ದೊಡ್ಡವರಿಗೆ ಬೇಡ. ಕ್ಯಾಲ್ಸಿಯಂ ಜಾಸ್ತಿ ಇರೋದು ಆ ಕೆಂಪು ಸಿಪ್ಪೆಯಲ್ಲೇ. ಅಂದ ಹಾಗೆ, ಗಂಟು ಕಟ್ಟಿದ ಪಂಚೆಯನ್ನು ಅವತ್ತೇ ಬಿಸಿನೀರಿಗೆ ಹಾಕಿ, ಘಮಘಮ ಸೋಪು ಮುಟ್ಟಿಸಬೇಡಿ. ಮುಂದಿನ ರಾಗಿಗೆ ಅದೇ ವಾಸನೆ ಹಿಡಿಯುತ್ತದೆ.

ಈ ಹಿಟ್ಟಿನ ಗಂಜಿಗೆ ಮಜ್ಜಿಗೆ ಬೆರೆಸಿ ಕುಡಿಯಿರಿ. ಪಾಲಕ್ ತಿಂದರೆ ಕ್ಯಾಲ್ಸಿಯಂ ಸಿಗುತ್ತೆ ಅನ್ನುವವರಿಗೆ ಒಂದು ಮಾತು: ಅದರಲ್ಲಿರೋ ಆಕ್ಸಲೇಟ್ ಅನ್ನೋ ಅಂಶ ಕ್ಯಾಲ್ಸಿಯಂ ಅನ್ನು ಮೈಗೆ ಹಿಡಿಯೋಕೆ ಬಿಡಲ್ಲ. ನುಗ್ಗೆಸೊಪ್ಪು ತನ್ನಿ, ಸಿಪ್ಪೆ ಇರುವ ಎಳ್ಳು ಪುಡಿ ಮಾಡಿಡಿ. ಉಪ್ಪಿನಕಾಯಿ, ಹಪ್ಪಳ ಹಿಡಿತದಲ್ಲಿರಲಿ. ಉಪ್ಪು ಜಾಸ್ತಿಯಾದರೆ ಕ್ಯಾಲ್ಸಿಯಂ ಮೂತ್ರದಲ್ಲಿ ಹೋಗುತ್ತದೆ. ಡಾಕ್ಟರು ಕೊಟ್ಟ ಮಾತ್ರೆಯನ್ನು ರಾಗಿ ಕುಡೀತೀನಿ ಅಂತ ಬಿಡಬೇಡಿ.

ಬಿಸಿಲು? ಬೆಳಿಗ್ಗೆ ಆರಕ್ಕೆ ಸ್ವೆಟರ್ ಹಾಕಿಕೊಂಡು ವಾಕಿಂಗ್ ಹೋದರೆ, ಕ್ಯಾಲ್ಸಿಯಂ ಮೈಗೆ ಹಿಡಿಯೋಕೆ ಬೇಕಾದ ಡಿ ವಿಟಮಿನ್ ಬರಲ್ಲ. ನಮ್ಮತ್ತೆ ಅಂಗಳದಲ್ಲಿ ಸಂಡಿಗೆ ಕಾಯುತ್ತಾ ಹನ್ನೊಂದರ ಬಿಸಿಲಿಗೆ ಕೂರುತ್ತಿದ್ದರು, ತೋಳು ಬಿಟ್ಟುಕೊಂಡು. ನಿಮ್ಮ ನೆರಳು ನಿಮಗಿಂತ ಗಿಡ್ಡ ಇರುವಾಗ ಸ್ವಲ್ಪ ಹೊತ್ತು ಹೊರಗಿರಿ.

ನಡೆಯೋದರ ಜೊತೆಗೆ ಮೆಟ್ಟಿಲು ಹತ್ತಿ. ಹಾಲು ಕಾಯುವಾಗ ಅಡುಗೆ ಕಟ್ಟೆ ಹಿಡಿದು ತುದಿಗಾಲಲ್ಲಿ ಎದ್ದು ಇಳಿಯಿರಿ. ಬೆನ್ನುಮೂಳೆ ಟೊಳ್ಳಾಗಿದ್ದರೆ ಮಾತ್ರ ಸೊಂಟ ಬಗ್ಗಿಸಿ ಕಾಲ್ಬೆರಳು ಮುಟ್ಟುವ ಆಸನ ಬೇಡವೇ ಬೇಡ.

62ನೇ ವಯಸ್ಸಿನಲ್ಲಿ ನನ್ನ ಮಣಿಕಟ್ಟು ಮುರಿದದ್ದು ಬಚ್ಚಲುಮನೆಯಲ್ಲಿ, ಸೋಪು ನೀರು ಒರೆಸದೆ ಬಿಟ್ಟಿದ್ದಕ್ಕೆ. ಈಗ ಸ್ನಾನ ಮುಗಿದ ಕೂಡಲೇ ನೆಲ ಒಣಗಿಸಿಯೇ ನಾನು ಸೀರೆ ಉಡೋದು.